[ಪದಚರ್ಚೆ] ಆಕ್ಸಿಲರೇಟರ್ ಪೆಡಲ್ ಸೆನ್ಸರ್‌ಗೆ ಕನ್ನಡ ಪದ: ನಾಳೆ ಸಂಜೆಯೊಳಗೆ ಬೇಕು

ಅನುವಾದಕಿ, ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ಲಾರಿ ವರ್ಕ್‌ಶಾಪಿನ ಗೋಡೆಗೆ ಹಾಕುವ ಒಂದು ಚಾರ್ಟನ್ನು ಕನ್ನಡಕ್ಕೆ ಮಾಡುತ್ತಿದ್ದೇನೆ. ಬಿಎಸ್6 ಗಾಡಿಗಳ ಆಕ್ಸಿಲರೇಟರ್ ಪೆಡಲ್ ಸೆನ್ಸರ್ ಚೆಕ್ ಮಾಡುವುದು ಹೇಗೆ ಅಂತ. ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು, ನಾನು ಮೂರು ಕಡೆ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ಆ ಭಾಗದ ಹೆಸರೇ. ಆಕ್ಸಿಲರೇಟರ್‌ಗೆ ‘ವೇಗವರ್ಧಕ’ ಇದೆ, ಸೆನ್ಸರ್‌ಗೆ ‘ಸಂವೇದಕ’ ಇದೆ. ಎಲ್ಲ ಕೂಡಿಸಿದರೆ ‘ವೇಗವರ್ಧಕ ಪಾದಪಟ್ಟಿ ಸ್ಥಾನ ಸಂವೇದಕ’ ಆಗುತ್ತದೆ. ಚಾರ್ಟಿನ ಅಗಲ ಸಾಲದು. ಎರಡನೆಯದು, ಪೆಡಲ್‌ನಿಂದ ಬರುವ ಎರಡು ಸಿಗ್ನಲ್‌ಗಳು ಒಂದಕ್ಕೊಂದು ಹೊಂದದಿದ್ದಾಗ ಬರುವ ಕೋಡ್. ‘ಸಹಸಂಬಂಧ ದೋಷ’ ಅಂತ ಬರೆದು ನಾನೇ ಅಳಿಸಿದೆ. ಮೂರನೆಯದು ‘ಲಿಂಪ್ ಮೋಡ್’, ಅಂದರೆ ದೋಷ ಕಂಡಾಗ ಇಂಜಿನ್ ತಾನೇ ಶಕ್ತಿ ತಗ್ಗಿಸಿಕೊಂಡು ಓಡುವ ಸ್ಥಿತಿ. ಓದುವವರು ಮೆಕ್ಯಾನಿಕ್‌ಗಳು, ಕೈಯೆಲ್ಲ ಗ್ರೀಸ್ ಇರುವಾಗ ತಲೆಯೆತ್ತಿ ನೋಡುವವರು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿ ಪ್ಲೀಸ್.

ಹಳೆಮೇಷ್ಟ್ರು:

ಇದರಲ್ಲಿ ಚರ್ಚೆಗೆ ಏನಿದೆ? ವೇಗವರ್ಧಕ ಸರಿ. ಸಂವೇದಕ ಸರಿ. ಅಗಲ ಸಾಲದಿದ್ದರೆ ಅಕ್ಷರ ಸಣ್ಣ ಮಾಡಿ. ‘ವೇಗತುಳಿ’, ‘ವೇಗಮೆಟ್ಟು’ ಅಂತ ಯಾರಾದರೂ ಹೇಳಿಕೊಡುವ ಮುಂಚೆಯೇ ಹೇಳಿಬಿಡುತ್ತೇನೆ: ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದದ್ದು. ನಡೆಯುವುದಿಲ್ಲ.

ತಿಳಿಗನ್ನಡ:

ವೇಗವನ್ನೇ ಬಿಟ್ಟರೆ ಅರಿಸಮಾಸ ಎಲ್ಲಿಂದ ಬರುತ್ತೆ ಮೇಷ್ಟ್ರೇ? ಕಾಲಲ್ಲಿ ತುಳಿಯೋದು, ಹಾಗಾಗಿ ‘ತುಳಿಮೆಟ್ಟು’. ಅರಿಯೋದು, ಹಾಗಾಗಿ ‘ಅರಿವಿಕ’. ತುಳಿಮೆಟ್ಟಿನ ಅರಿವಿಕ. ಮುಗೀತು.

ಹಳೆಮೇಷ್ಟ್ರು:

ಮುಗಿಯಲಿಲ್ಲ. ಕ್ಲಚ್ಚೂ ತುಳಿಯುವುದೇ, ಬ್ರೇಕೂ ತುಳಿಯುವುದೇ. ಯಾವ ತುಳಿಮೆಟ್ಟು? ಇನ್ನು ಆ -ಕ. ಕುಡುಕ, ತಿರುಕ, ಮುದುಕ. ಕನ್ನಡ ಧಾತುವಿಗೆ -ಕ ಹತ್ತಿದರೆ ಮನುಷ್ಯ ಆಗುತ್ತಾನೆ, ಅದೂ ಬೈಸಿಕೊಳ್ಳುವ ಮನುಷ್ಯ. ಸಲಕರಣೆ ಆಗುವುದಿಲ್ಲ.

ತಿಳಿಗನ್ನಡ:

ಓಹೋ. ಸಂವೇದಕದಲ್ಲಿ -ಕ ಇದ್ದರೆ ಮರ್ಯಾದೆ, ಅರಿವಿಕದಲ್ಲಿ ಇದ್ದರೆ ಬೈಗುಳ. ಈ ಲೆಕ್ಕ ನಮಗೆ ಮೊದಲಿಂದಲೂ ಗೊತ್ತು ಬಿಡಿ.

ಗ್ಯಾರೇಜಿನವ, ಚಿತ್ರದುರ್ಗ:

ಮೇಡಂ, ಇವರಿಬ್ಬರೂ ಮುಗಿಸೋ ಹೊತ್ತಿಗೆ ನಿಮ್ಮ ಚಾರ್ಟ್ ಹಳೇದಾಗಿರುತ್ತೆ. ನಾನು ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿ ದಿನಾ ಇದೇ ಕೆಲಸ ಮಾಡುವವನು, ನಮ್ಮಲ್ಲಿ ಹೇಳೋದನ್ನ ಹೇಳ್ತೀನಿ.

ಹೆಸರು ‘ಆಕ್ಸಿಲೇಟರ್ ಪೆಡಲ್ ಸೆನ್ಸರ್’. ಹುಡುಗರು ‘ರೇಸ್ ಪೆಡಲ್’ ಅಂತಲೂ ಅಂತಾರೆ. ‘ವೇಗವರ್ಧಕ’ ಅನ್ನೋದು ಕೆಲಸದ ಪ್ರಕಾರವೇ ತಪ್ಪು ಅಂತ ನನ್ನ ಅನಿಸಿಕೆ. ಹಳೇ ಗಾಡಿಯಲ್ಲಿ ಪೆಡಲ್‌ನಿಂದ ಡೀಸೆಲ್ ಪಂಪಿನ ಲಿವರ್‌ವರೆಗೆ ಕೇಬಲ್ಲೋ ರಾಡೋ ಇರುತ್ತಿತ್ತು, ತುಳಿದರೆ ಆ ಲಿವರ್ರೇ ತಿರುಗುತ್ತಿತ್ತು, ಆಗ ಆ ಹೆಸರು ನಡೆಯುತ್ತಿತ್ತೇನೋ. ಈಗ ಪೆಡಲ್ ಬರೀ ಕೇಳುತ್ತೆ. ‘ಡ್ರೈವರ್ ಇಷ್ಟು ಒತ್ತಿದ್ದಾನೆ’ ಅಂತ ವೋಲ್ಟೇಜ್‌ನಲ್ಲಿ ಹೇಳುತ್ತೆ. ಎಷ್ಟು ಡೀಸೆಲ್ ಕೊಡಬೇಕು ಅನ್ನೋದು ಇಸಿಎಂ, ಅಂದರೆ ಇಂಜಿನ್ನಿನ ಕಂಪ್ಯೂಟರ್, ಅದರ ತೀರ್ಮಾನ. ಹೊಗೆ, ಬಿಸಿ, ಗೇರು ಎಲ್ಲ ನೋಡಿಕೊಂಡು ಕೊಡುತ್ತೆ, ಕೊಡದೆಯೂ ಇರುತ್ತೆ.

ಆ ಹೇಳಿಕೆ ಸುಳ್ಳಾಗಬಾರದಲ್ವಾ, ಅದಕ್ಕೇ ಒಂದೇ ಪೆಡಲ್ ಒಳಗೆ ಎರಡು ಸೆನ್ಸರ್. ಸಾಮಾನ್ಯವಾಗಿ ಆರು ವೈರ್: ಎರಡು ಸಪ್ಲೈ, ಎರಡು ಸಿಗ್ನಲ್, ಎರಡು ಅರ್ತ್. ಲಾರಿ 24 ವೋಲ್ಟ್ ಆದರೂ ಪೆಡಲ್‌ಗೆ ಇಸಿಎಂ ಕೊಡೋದು 5 ವೋಲ್ಟ್ ಮಾತ್ರ. ಕಾಲು ತೆಗೆದಾಗ ಮೊದಲನೇ ಸಿಗ್ನಲ್ 0.7 ವೋಲ್ಟ್ ಆಸುಪಾಸು ಇರುತ್ತೆ, ಪೂರ್ತಿ ಒತ್ತಿದರೆ 4ರ ಹತ್ತಿರ ಹೋಗುತ್ತೆ. ಎರಡನೇದು ತುಂಬಾ ಗಾಡಿಗಳಲ್ಲಿ ಅದರ ಅರ್ಧ. ಅಂಕಿ ಗಾಡಿಯಿಂದ ಗಾಡಿಗೆ ಬದಲಾಗುತ್ತೆ, ನಿಮ್ಮ ಮ್ಯಾನುಯಲ್‌ನದೇ ಹಾಕಿ. ಸೊನ್ನೆಯಿಂದ ಶುರುವಾಗಿ 5ಕ್ಕೆ ಯಾಕೆ ಮುಗಿಯಲ್ಲ ಅಂದರೆ, ವೈರ್ ಕಟ್ ಆದರೆ ಅಥವಾ ಶಾರ್ಟ್ ಆದರೆ ಸೊನ್ನೆಗೋ 5ಕ್ಕೋ ಹೋಗಿ ನಿಲ್ಲುತ್ತೆ. ಅಲ್ಲಿಗೆ ಹೋದರೆ ಕಾಲಿನ ಆಟ ಅಲ್ಲ, ವೈರಿಂಗ್ ಆಟ ಅಂತ ಇಸಿಎಂಗೆ ಗೊತ್ತಾಗಲಿ ಅಂತ.

ಈಗ ನಿಮ್ಮ ಎರಡನೇ ಪದ. ‘ಎರಡು ಸಿಗ್ನಲ್ ತಾಳೆ ಆಗುತ್ತಿಲ್ಲ.’ ನಾವು ಹಾಗೇ ಅನ್ನೋದು. ಬೇರೆ ಪದ ಯಾಕೆ ಬೇಕು?

ಅನುವಾದಕಿ, ಹುಬ್ಬಳ್ಳಿ:

ತಾಳೆ! ಲೆಕ್ಕಪತ್ರದಲ್ಲಿ ದಿನಾ ಬರೆಯುವ ಪದ, ಇಲ್ಲಿ ಹೊಳೆಯಲೇ ಇಲ್ಲ. ಸರ್, ಚೆಕ್ ಮಾಡುವ ಕ್ರಮಕ್ಕೂ ನಿಮ್ಮ ಮಾತುಗಳನ್ನೇ ಕೊಡ್ತೀರಾ? ನನ್ನ ಕರಡಿನಲ್ಲಿ ‘ಸಂಯೋಜಕದ ಸೂಜಿಗಳ ಸವೆತವನ್ನು ಪರಿಶೀಲಿಸಿ’ ಅಂತೆಲ್ಲ ಇದೆ.

ಗ್ಯಾರೇಜಿನವ, ಚಿತ್ರದುರ್ಗ:

ಸೂಜಿ ಅಂದರೆ ಇಂಜೆಕ್ಟರ್ ಬಿಚ್ಚಿಬಿಡ್ತಾರೆ ಮೇಡಂ. ‘ಕಪ್ಲರ್ ಬಿಚ್ಚಿ, ಪಿನ್ನಿಗೆ ಕಿಲುಬು ಹಿಡಿದಿದೆಯಾ ನೋಡಿ’ ಅಂತ ಬರೆಯಿರಿ.

ಮೊದಲು ಪೆಡಲ್ ಕೆಳಗೆ ಬಗ್ಗಿ ನೋಡೋದು. ಮ್ಯಾಟ್ ಸಿಕ್ಕಿಕೊಂಡಿರುತ್ತೆ, ಬಾಟ್ಲಿ ಉರುಳಿ ಕೂತಿರುತ್ತೆ. ಆಮೇಲೆ ಸ್ಕ್ಯಾನರ್ ಹಾಕಿ ಕೋಡ್ ನೋಡೋದು. ಲಾರಿಯಲ್ಲಿ ಎಸ್‌ಪಿಎನ್ (ತೊಂದರೆ ಎಲ್ಲಿ ಅನ್ನೋ ನಂಬರ್) 91 ಅಂದರೆ ಪೆಡಲ್ ಪೊಸಿಷನ್. ಅದರ ಜೊತೆ ಎಫ್‌ಎಂಐ (ತೊಂದರೆ ಏನು ಅನ್ನೋ ನಂಬರ್) 3 ಬಂದರೆ ವೋಲ್ಟೇಜ್ ಜಾಸ್ತಿ, 4 ಬಂದರೆ ಕಮ್ಮಿ, 2 ಬಂದರೆ ಸಿಗ್ನಲ್ ಸರಿ ಕಾಣುತ್ತಿಲ್ಲ. ಕೋಡ್ ನೋಡಿದ ತಕ್ಷಣ ಪೆಡಲ್ ಬದಲಾಯಿಸೋದು ಬೇಡ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ, ಪೆಡಲನ್ನ ನಿಧಾನಕ್ಕೆ ಒತ್ತುತ್ತಾ ಸ್ಕ್ಯಾನರಿನಲ್ಲಿ ಪರ್ಸೆಂಟ್ ನೋಡಿ. ಸೊನ್ನೆಯಿಂದ ನೂರಕ್ಕೆ ಮೆತ್ತಗೆ ಏರಬೇಕು. ನಡುವೆ ಎಲ್ಲಾದರೂ ಹಾರಿದರೆ, ಬಿದ್ದರೆ, ಅಲ್ಲಿ ತೊಂದರೆ ಇದೆ.

ಆಮೇಲೆ ಮೀಟರ್ ಹಿಡಿದು ಕಪ್ಲರ್‌ನಲ್ಲಿ 5 ವೋಲ್ಟ್ ಸಪ್ಲೈ ಬರ್ತಿದೆಯಾ, ಅರ್ತ್ ಸರಿ ಇದೆಯಾ ನೋಡೋದು. ಟೆಸ್ಟ್ ಲ್ಯಾಂಪ್ ಹಿಡಿಯಬಾರದು, ಇದನ್ನ ಕೆಂಪಕ್ಷರದಲ್ಲಿ ಹಾಕಿ, ಇಸಿಎಂಗೇ ಪೆಟ್ಟು ಬೀಳಬಹುದು. 5 ವೋಲ್ಟ್ ಬರದಿದ್ದರೂ ಪೆಡಲ್ಲೇ ಕೆಟ್ಟಿದೆ ಅನ್ನೋ ಹಾಗಿಲ್ಲ. ಕೆಲವು ಗಾಡಿಗಳಲ್ಲಿ ಅದೇ ಸಪ್ಲೈ ಬೇರೆ ಸೆನ್ಸರ್‌ಗಳಿಗೂ ಹೋಗಿರುತ್ತೆ. ಅವುಗಳಲ್ಲಿ ಒಂದು ಶಾರ್ಟ್ ಆದರೆ ಇದರ ಕರೆಂಟನ್ನೂ ಎಳೆದು ಕೆಡಿಸುತ್ತೆ. ಇನ್ನೊಂದು, ಓಮ್‌ನಲ್ಲಿ ಅಳೆಯೋ ಹಳೇ ಅಭ್ಯಾಸ. ಕಾರ್ಬನ್ ಪಟ್ಟಿ ಉಜ್ಜುವ ಪೆಡಲ್‌ಗೆ ಅದು ನಡೆಯುತ್ತೆ, ಸವೆದ ಜಾಗ ಸಿಗುತ್ತೆ. ಈಗ ಜಾಸ್ತಿ ಬರೋದು ಹಾಲ್ ಟೈಪು, ಆಯಸ್ಕಾಂತ ಮತ್ತು ಚಿಪ್ಪು, ಒಳಗೆ ಉಜ್ಜೋದೇ ಇಲ್ಲ. ಅದಕ್ಕೆ ಓಮ್ ಹಿಡಿದರೆ ಏನೂ ಗೊತ್ತಾಗಲ್ಲ.

ಕೊನೆಗೆ ವೈರಿಂಗ್ ಅಲ್ಲಾಡಿಸುತ್ತಾ ಮೀಟರ್ ನೋಡೋದು. ನಮ್ಮಲ್ಲಿಗೆ ಕ್ವಾರಿಯ ಟಿಪ್ಪರ್ ಒಂದು ಬಂದಿತ್ತು. ಏರು ಬಂದರೆ ಜರ್ಕ್ ಹೊಡೆದು ರೇಸೇ ತಗೊಳ್ಳುತ್ತಿರಲಿಲ್ಲ. ಬೇರೆ ಕಡೆ ಹೊಸ ಪೆಡಲ್ ಹಾಕಿಸಿಕೊಂಡು ಬಂದಿದ್ದರು. ಕ್ಯಾಬಿನ್ ಎತ್ತಿ ನೋಡಿದರೆ ಮಡಚುವ ಜಾಗದಲ್ಲಿ ವೈರಿಂಗಿನ ಟೇಪ್ ಉಜ್ಜಿ ಹೋಗಿ, ಒಂದು ವೈರಿನ ತಾಮ್ರ ಬ್ರಾಕೆಟ್‌ಗೆ ತಾಗುತ್ತಿತ್ತು, ಅದೂ ಕ್ಯಾಬಿನ್ ಕುಲುಕಿದಾಗ ಮಾತ್ರ. ಹೊಸ ಪೆಡಲಿನ ದುಡ್ಡು ದಂಡ.

ಲಿಂಪ್ ಮೋಡ್‌ಗೆ ನಾವು ‘ಲಿಂಪ್’ ಅಂತಲೇ ಅನ್ನೋದು. ಡ್ರೈವರ್‌ಗಳು ‘ಪಿಕಪ್ ಕಟ್ ಆಗಿದೆ’ ಅಂತಾರೆ.

ತಿಳಿಗನ್ನಡ:

ಲಿಂಪ್ ಅಂದರೆ ಕುಂಟು. ‘ಕುಂಟುನಡೆ’. ಮೇಷ್ಟ್ರು ಇದಕ್ಕೂ ದೋಷ ಹುಡುಕಲಿ ನೋಡೋಣ.

ಹಳೆಮೇಷ್ಟ್ರು:

ಕುಂಟುನಡೆ ಚೆನ್ನಾಗಿದೆ. ದೋಷವಿಲ್ಲ.

ಆದರೆ ‘ಅರ್ತ್’ ಎಂದು ಗೋಡೆಯ ಮೇಲೆ ಬರೆಯುತ್ತೀರಾ? ನಾಳೆ ಯಾರೋ ಅದನ್ನು ‘ಅರ್ಥ’ ಎಂದು ತಿದ್ದುತ್ತಾರೆ, ಆಗ ‘ಅರ್ಥ ಸರಿ ಇದೆಯಾ ನೋಡಿ’ ಆಗುತ್ತದೆ. ಗ್ಯಾರೇಜಿನ ಮಾತನ್ನೆಲ್ಲ ಹಾಗೇ ಇಳಿಸುವುದು ಅನುವಾದವಲ್ಲ, ಲಿಪಿ ಬದಲಾವಣೆ. ಹೀಗೆ ಬಿಟ್ಟರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಕರಡು ತಿದ್ದುವವ:

ಅನುವಾದಕಿ ಅವರೇ, ಒಂದು ಸಣ್ಣ ವಿಷಯ. ‘ಸೆನ್ಸರ್’ ಅಂತಲೇ ಇರಲಿ, ಪ್ರೆಸ್ಸಿನವರು ‘ಸೆನ್ಸಾರ್’ ಮಾಡಿಬಿಡುತ್ತಾರೆ. ಸೆನ್ಸಾರ್ ಸಿನಿಮಾಕ್ಕೆ ಕತ್ತರಿ ಹಾಕುವುದು.

ತಿಳಿಗನ್ನಡ:

ನೋಡಿದ್ರಾ, ‘ಅರಿವಿಕ’ ಅಂದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ಮೇಷ್ಟ್ರಿಗೆ ಒಂದು ಪ್ರಶ್ನೆ: ಸಂಸ್ಕೃತದಿಂದ ತಂದರೆ ಅನುವಾದ, ಇಂಗ್ಲಿಷಿನಿಂದ ತಂದರೆ ಲಿಪಿ ಬದಲಾವಣೆ, ಇದು ಯಾವ ನ್ಯಾಯ? ದಿನಾ ‘ಕೀಲಿಕೈ’ಯಿಂದ ಬೀಗ ತೆಗೆಯುತ್ತೀರಲ್ಲ, ಕೀಲ ಸಂಸ್ಕೃತ, ಕೈ ಕನ್ನಡ. ಆಗ ಅರಿಸಮಾಸ ಕೈ ಕಚ್ಚಲ್ವಾ?

ಹಳೆಮೇಷ್ಟ್ರು:

ಕೀಲಿ ತದ್ಭವ. ತದ್ಭವದ ಜೊತೆ ಕನ್ನಡ ಸೇರಿದರೆ ಅರಿಸಮಾಸವಲ್ಲ. ಇಷ್ಟೂ ಗೊತ್ತಿಲ್ಲದೆ ವಾದಕ್ಕೆ ಬರಬಾರದು.

ಗ್ಯಾರೇಜಿನವ, ಚಿತ್ರದುರ್ಗ:

ನಾವು ಚಾವಿ ಅಂತೀವಿ. ಅದು ಪೋರ್ಚುಗೀಸರದಂತೆ. ಲಾರಿ ಸ್ಟಾರ್ಟ್ ಆಗುತ್ತೆ.

ಅನುವಾದಕಿ, ಹುಬ್ಬಳ್ಳಿ:

ಜಗಳ ಸ್ವಲ್ಪ ನಿಲ್ಲಿಸಿ, ನಾನು ಹೀಗೆ ಇಟ್ಟಿದ್ದೇನೆ. ಮೇಲೆ ದೊಡ್ಡದಾಗಿ ‘ಆಕ್ಸಿಲರೇಟರ್ ಪೆಡಲ್ ಸೆನ್ಸರ್’. ಕೋಡಿನ ಸಾಲು ‘ಎರಡು ಸಿಗ್ನಲ್ ತಾಳೆ ಇಲ್ಲ’. ಲಿಂಪ್ ಮೋಡ್‌ಗೆ ‘ಕುಂಟುನಡೆ’, ಪಕ್ಕದಲ್ಲೇ ‘ಪಿಕಪ್ ಕಟ್’. ಮೇಷ್ಟ್ರ ಮಾತಿಗೆ ‘ಅರ್ತಿಂಗ್’ ಅಂತ ಮಾಡಿದ್ದೇನೆ, ಅದನ್ನು ಯಾರೂ ‘ಅರ್ಥ’ ಎಂದು ತಿದ್ದಲಾರರು. ಕಿಲುಬು, ಕಪ್ಲರ್ ಹಾಗೇ ಇವೆ. ಮುಂದಿನ ವಾರದ ಚಾರ್ಟ್ ಡಿಇಎಫ್ ಬಗ್ಗೆ, ಹೊಗೆ ಶುದ್ಧ ಮಾಡಲು ಹಾಕುವ ಯೂರಿಯಾ ದ್ರವ. ಅದಕ್ಕೂ ಡ್ರೈವರ್‌ಗಳು ಅನ್ನುವ ಹಾಗೆ ‘ಯೂರಿಯಾ’ ಅಂತ ಹಾಕಿಬಿಡಲಾ?

ಗ್ಯಾರೇಜಿನವ, ಚಿತ್ರದುರ್ಗ:

ಅದೊಂದು ಬೇಡ ಮೇಡಂ. ನಾವೂ ಯೂರಿಯಾ ಅಂತಲೇ ಅನ್ನೋದು, ಆದರೆ ಗೋಡೆ ಮೇಲೆ ಬರೀ ಯೂರಿಯಾ ಅಂತ ಬರೆದರೆ ಗೊಬ್ಬರದ ಚೀಲ ನೀರಿಗೆ ಸುರಿದು ಹುಯ್ಯೋರು ಇದ್ದಾರೆ. ಅದು 32.5 ಪರ್ಸೆಂಟಿನ ಶುದ್ಧ ದ್ರಾವಣ, ಗೊಬ್ಬರದ್ದು ಹಾಕಿದರೆ ಇಂಜೆಕ್ಟರ್ ಕಟ್ಟಿಕೊಂಡು ಸೈಲೆನ್ಸರ್ ಒಳಗಿನ ಕ್ಯಾಟಲಿಸ್ಟ್ ಹಾಳಾಗುತ್ತೆ. ಅಲ್ಲಿ ‘ಡಿಇಎಫ್’ ಅಂತಲೇ ಇರಲಿ.

ಹಳೆಮೇಷ್ಟ್ರು:

‘ದ್ರಾವಣ’ ಎಂದು ಬರೆದಿದ್ದಾರೆ, ಗಮನಿಸಿ. ಸಂಸ್ಕೃತ.