ಪದಚರ್ಚೆ: ಕೌಂಟಿ ನ್ಯಾಯಾಲಯದ ಕಡತ ಕೇಳುವಾಗ ‘ಕ್ಲರ್ಕ್’, ‘ಸೀಲ್ಡ್’, ‘ಡಾಕೆಟ್’ ಇವಕ್ಕೆ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಕ್ಯಾಲಿಫೋರ್ನಿಯಾದ ಕೌಂಟಿ ನ್ಯಾಯಾಲಯಗಳಲ್ಲಿರುವ ಸಿವಿಲ್ ಪ್ರಕರಣಗಳ ಕಡತ ಹುಡುಕಿ ನಕಲು ಪಡೆಯುವುದು ಹೇಗೆ ಎಂಬುದರ ಮೇಲೆ ಸಣ್ಣದೊಂದು ಕೈಪಿಡಿ ಬರೆಯುತ್ತಿದ್ದೇನೆ. ಓದುಗರು ಎರಡು ಬಗೆಯವರು: ಸಾಂತಾ ಕ್ಲಾರಾ ಕೌಂಟಿಯಲ್ಲಿ ನೆಲೆಸಿರುವ ಕನ್ನಡಿಗರು, ಹಾಗೂ ಅವರ ಪರವಾಗಿ ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ವಕೀಲರ ಕಚೇರಿಗೆ ಓಡಾಡುವ ತಂದೆತಾಯಿಗಳು. ಅಲ್ಲಿ ಆದ ವಿಚ್ಛೇದನದ ಡಿಕ್ರಿಯನ್ನು ಇಲ್ಲಿ ಮರುಮದುವೆಯ ನೋಂದಣಿಗೆ ಕೇಳುತ್ತಾರೆ. ಅಲ್ಲಿನ ಹಣದ ದಾವೆಯ ತೀರ್ಪನ್ನು ಇಲ್ಲಿನ ಆಸ್ತಿ ವ್ಯಾಜ್ಯದಲ್ಲಿ ಹಾಜರುಪಡಿಸಬೇಕಾಗುತ್ತದೆ. ಆದ್ದರಿಂದ ಕೈಪಿಡಿಯ ಪದಗಳು ಎರಡೂ ಕಡೆಯ ಕಿಟಕಿಗಳಲ್ಲಿ ಚಲಾವಣೆಯಾಗಬೇಕು. ಕೆಲವನ್ನು ನಾನೇ ತೀರ್ಮಾನಿಸಿಕೊಂಡಿದ್ದೇನೆ. ಉಳಿದವಕ್ಕೆ ನಿಮ್ಮ ನೆರವು ಬೇಕು.

ಮೊದಲು ನ್ಯಾಯಾಲಯದ ಹೆಸರು. ನಿಘಂಟು ತೆರೆದರೆ ‘ಕೌಂಟಿ’ಗೆ ‘ಜಿಲ್ಲೆ’ ಎಂದು ಸಿಗುತ್ತದೆ. ಅದನ್ನು ನಂಬಿ ‘ಜಿಲ್ಲಾ ನ್ಯಾಯಾಲಯ’ ಎಂದು ಬರೆದರೆ ಓದುಗರನ್ನು ಬೇರೆಯದೇ ಕಟ್ಟಡಕ್ಕೆ ಕಳುಹಿಸಿದಂತಾಗುತ್ತದೆ. ಅಮೆರಿಕದಲ್ಲಿ ‘ಡಿಸ್ಟ್ರಿಕ್ಟ್ ಕೋರ್ಟ್’ ಎಂಬ ಹೆಸರಿನ ಒಕ್ಕೂಟ ಸರ್ಕಾರದ ನ್ಯಾಯಾಲಯಗಳಿವೆ, ಅವುಗಳ ದಾಖಲೆಗಳಿಗೆ ‘ಪೇಸರ್’ ಎಂಬ ಪ್ರತ್ಯೇಕ ಜಾಲತಾಣವಿದೆ. ಸ್ಯಾನ್ ಹೋಸೆ ನಗರದಲ್ಲಂತೂ ಎರಡೂ ಒಂದೇ ಬೀದಿಯಲ್ಲಿವೆ: ಕೌಂಟಿಯ ಸುಪೀರಿಯರ್ ಕೋರ್ಟ್ 191 ನಾರ್ತ್ ಫಸ್ಟ್ ಸ್ಟ್ರೀಟ್‌ನಲ್ಲಿ, ಒಕ್ಕೂಟದ ಡಿಸ್ಟ್ರಿಕ್ಟ್ ಕೋರ್ಟ್ 280 ಸೌತ್ ಫಸ್ಟ್ ಸ್ಟ್ರೀಟ್‌ನಲ್ಲಿ. ಬಾಡಿಗೆ ಜಗಳದ ಕಡತವನ್ನು ಪೇಸರ್‌ನಲ್ಲಿ ಎಷ್ಟು ಜಾಲಾಡಿದರೂ ಸಿಗುವುದಿಲ್ಲ.

‘ಸುಪೀರಿಯರ್’ ಇನ್ನೊಂದು ಬಲೆ. ‘ಉಚ್ಚ’, ‘ಮೇಲಿನ’ ಎಂದು ಅನುವಾದಿಸಿದ ಕೂಡಲೇ ನಮ್ಮ ಓದುಗನ ಕಣ್ಣೆದುರು ಬೆಂಗಳೂರಿನ ಕೆಂಪು ಕಟ್ಟಡ ಬಂದು ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ 58 ಕೌಂಟಿಗಳಿಗೂ ಒಂದೊಂದು ಸುಪೀರಿಯರ್ ಕೋರ್ಟ್ ಇದೆ. ದಾವೆಯನ್ನು ಮೊಟ್ಟಮೊದಲು ಹೂಡುವ ಜಾಗವೇ ಅದು. ಹಿಂದೆ ಅದರ ಕೆಳಗೆ ಮುನ್ಸಿಪಲ್ ಕೋರ್ಟ್‌ಗಳಿದ್ದವು. 1998ರಲ್ಲಿ ಮತದಾರರು ಒಪ್ಪಿದ ಸಂವಿಧಾನ ತಿದ್ದುಪಡಿಯ ನಂತರ ಒಂದೊಂದೇ ಕೌಂಟಿಯಲ್ಲಿ ಎರಡನ್ನೂ ವಿಲೀನಗೊಳಿಸಿದರು, 2001ರ ಹೊತ್ತಿಗೆ ಆ ಕೆಲಸ ಪೂರ್ತಿಯಾಯಿತು. ಕೆಳಗಿನದು ಹೋಯಿತು, ‘ಮೇಲಿನದು’ ಎಂಬ ಹೆಸರು ಮಾತ್ರ ಉಳಿಯಿತು. ನ್ಯೂಯಾರ್ಕ್ ಇದನ್ನೂ ಮೀರಿಸಿದೆ: ಅಲ್ಲಿ ದೊಡ್ಡ ಸಿವಿಲ್ ದಾವೆಗಳನ್ನು ವಿಚಾರಣೆ ಮಾಡುವ ಮೊದಲ ಹಂತದ ನ್ಯಾಯಾಲಯದ ಹೆಸರೇ ‘ಸುಪ್ರೀಂ ಕೋರ್ಟ್’! ಹೀಗಾಗಿ ನನ್ನ ನಿರ್ಧಾರ ಸರಳ. ಕಚೇರಿಯ ಹೆಸರನ್ನು ಅನುವಾದಿಸುವುದಿಲ್ಲ, ಕನ್ನಡ ಲಿಪಿಯಲ್ಲಿ ಹಾಗೆಯೇ ಇಡುತ್ತೇನೆ, ಪಕ್ಕದಲ್ಲಿ ‘ವಿಚಾರಣಾ ನ್ಯಾಯಾಲಯ’ ಎಂದು ಕೆಲಸವನ್ನು ಹೇಳುತ್ತೇನೆ. ಕಾಗದಗಳಿಗೆ ಮಾತ್ರ ನಮ್ಮ ನ್ಯಾಯಾಲಯಗಳಲ್ಲಿ ಬಳಕೆಯಲ್ಲಿರುವ ಮಾತುಗಳನ್ನೇ ತರುತ್ತೇನೆ: ವಾದಪತ್ರ, ಸಮನ್ಸ್, ತೀರ್ಪು, ಡಿಕ್ರಿ. ಪ್ರತಿವಾದಿಯ ಉತ್ತರಕ್ಕೆ ‘ಕೈಫಿಯತ್ತು’ ಎಂಬ ಹಳೆಯ ಪದ ಎಷ್ಟು ಚೆಂದ. ಆದರೆ ಮೂವತ್ತು ದಾಟದ ಓದುಗರು ಅದನ್ನು ಗುರುತಿಸುತ್ತಾರೆಯೇ ಎಂಬ ಅನುಮಾನವಿದೆ.

ಇನ್ನು ‘ಕ್ಲರ್ಕ್’. ಇದಕ್ಕೆ ‘ಗುಮಾಸ್ತ’ ಎಂದು ಬರೆಯಲು ಕೈ ಬರುತ್ತಿಲ್ಲ. ಅಮೆರಿಕದ ನ್ಯಾಯಾಲಯದ ಕ್ಲರ್ಕ್ ಎಂದರೆ ಕಡತಗಳ ಕಾನೂನುಬದ್ಧ ಪಾಲಕ. ಟೆಕ್ಸಸ್‌ನಲ್ಲಿ ಆ ಹುದ್ದೆಗೆ ಚುನಾವಣೆಯೇ ನಡೆಯುತ್ತದೆ, ಅದೂ ಕೌಂಟಿ ಕ್ಲರ್ಕ್ ಬೇರೆ, ಡಿಸ್ಟ್ರಿಕ್ಟ್ ಕ್ಲರ್ಕ್ ಬೇರೆ. ಅವರ ಸಹಿ ಮತ್ತು ಮುದ್ರೆ ಇಲ್ಲದೆ ನಕಲಿಗೆ ಬೆಲೆಯಿಲ್ಲ. ಈ ಪದ ಎಷ್ಟು ತೂಕದ್ದು ಎನ್ನುವುದಕ್ಕೆ ಭಾರತದ ಸುಪ್ರೀಂ ಕೋರ್ಟ್ 1991ರಲ್ಲಿ ನೀಡಿದ ಒಂದು ತೀರ್ಪು ನೋಡಿ. ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಕೌಂಟಿಯ ಸರ್ಕ್ಯೂಟ್ ಕೋರ್ಟ್ ಕೊಟ್ಟ ವಿಚ್ಛೇದನದ ಡಿಕ್ರಿ ಅಲ್ಲಿ ಪ್ರಶ್ನೆಗೆ ಬಂದಿತ್ತು. ವಿದೇಶಿ ನ್ಯಾಯಾಲಯದ ವಿಚ್ಛೇದನವನ್ನು ಭಾರತ ಯಾವಾಗ ಮಾನ್ಯ ಮಾಡಬೇಕು ಎಂಬ ದೊಡ್ಡ ಚರ್ಚೆಗಾಗಿ ವಕೀಲರು ಆ ತೀರ್ಪನ್ನು ಉಲ್ಲೇಖಿಸುತ್ತಾರೆ. ಕಾಗದದ ವಿಷಯಕ್ಕೂ ಅದರಲ್ಲಿ ಕೆಲವು ಸಾಲುಗಳಿವೆ. ಹಾಜರಾದದ್ದು ಜೆರಾಕ್ಸ್ ಪ್ರತಿ. ಸರ್ಕ್ಯೂಟ್ ಕ್ಲರ್ಕ್ ಪರವಾಗಿ ಡೆಪ್ಯುಟಿ ಕ್ಲರ್ಕ್ ಅದನ್ನು ದೃಢೀಕರಿಸಿದ್ದರು. ಆ ಕ್ಲರ್ಕ್ ದಾಖಲೆಯನ್ನು ತನ್ನ ಸುಪರ್ದಿನಲ್ಲಿ ಇಟ್ಟುಕೊಂಡಿರುವ ಸಾರ್ವಜನಿಕ ಅಧಿಕಾರಿ, ಆದ್ದರಿಂದ ಜೆರಾಕ್ಸ್ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ ಎಂದಿತು ನ್ಯಾಯಾಲಯ. ಆದರೂ ಅದು ಸಾಕ್ಷ್ಯವಾಗಲಿಲ್ಲ, ಏಕೆಂದರೆ ಅಮೆರಿಕದಲ್ಲಿರುವ ಭಾರತ ಸರ್ಕಾರದ ಪ್ರತಿನಿಧಿಯ ದೃಢೀಕರಣ ಅದರ ಮೇಲಿರಲಿಲ್ಲ. ಆಗಿನ ಸಾಕ್ಷ್ಯ ಅಧಿನಿಯಮದ 86ನೇ ಕಲಂ ಅದನ್ನು ಕೇಳುತ್ತಿತ್ತು. ಈ ವಾಕ್ಯಗಳಲ್ಲಿ ‘ಉಪ ಗುಮಾಸ್ತರು ದೃಢೀಕರಿಸಿದರು’ ಎಂದು ಹಾಕಿ ಓದಿ ನೋಡಿ, ತೀರ್ಪಿನ ತರ್ಕವೇ ಕುಸಿಯುತ್ತದೆ. ನಮ್ಮಲ್ಲಿ ಹತ್ತಿರ ಬರುವುದು ‘ಶಿರಸ್ತೇದಾರ’. ‘ದಾಖಲೆ ಪಾಲಕ’ ಎಂದರೆ ಗ್ರಂಥಾಲಯದ ವಾಸನೆ. ಸದ್ಯಕ್ಕೆ ‘ಕೋರ್ಟ್ ಕ್ಲರ್ಕ್’ ಎಂದೇ ಇಟ್ಟು, ಮೊದಲ ಬಾರಿ ಬಂದಲ್ಲಿ ‘ನಮ್ಮ ಶಿರಸ್ತೇದಾರರಿಗಿಂತ ಹೆಚ್ಚಿನ ಅಧಿಕಾರ ಉಳ್ಳವರು’ ಎಂದು ಒಂದು ಮಾತು ಸೇರಿಸಿದ್ದೇನೆ. ಒಪ್ಪುತ್ತೀರಾ?

ವಿದೇಶಿ ದಾಖಲೆಗಳ ದೃಢೀಕರಣವನ್ನು ಸರಳಗೊಳಿಸುವ ಹೇಗ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿದ ಮೇಲೆ ಈ ಮೇಲ್ದೃಢೀಕರಣದ ಜಾಗದಲ್ಲಿ ‘ಅಪಾಸ್ಟಿಲ್’ ಎಂಬ ದೃಢೀಕರಣ ಪತ್ರ ಕೇಳುವ ರೂಢಿ ಬಂದಿದೆ. ಆ ಪದಕ್ಕೆ ಕನ್ನಡ ಹುಡುಕುವ ಗೋಜಿಗೆ ನಾನು ಹೋಗುವುದಿಲ್ಲ. ಆದರೆ ಅದನ್ನು ಕೊಡುವವರು ಕ್ಯಾಲಿಫೋರ್ನಿಯಾದ ‘ಸೆಕ್ರೆಟರಿ ಆಫ್ ಸ್ಟೇಟ್’. ಪತ್ರಿಕೆಗಳ ರೂಢಿಯಂತೆ ‘ವಿದೇಶಾಂಗ ಸಚಿವ’ ಎಂದು ಬರೆದುಬಿಟ್ಟರೆ ಪಾಪ, ಯಾರೋ ವಾಷಿಂಗ್ಟನ್ನಿಗೆ ಅಂಚೆ ಹಾಕುತ್ತಾರೆ. ಇವರು ರಾಜ್ಯದ ಅಧಿಕಾರಿ, ಕಚೇರಿ ಸ್ಯಾಕ್ರಮೆಂಟೊದಲ್ಲಿದೆ, ಚುನಾವಣೆ ನಡೆಸುವುದು ಮತ್ತು ಕಂಪನಿಗಳ ನೋಂದಣಿ ಕೂಡ ಇವರದೇ ಕೆಲಸ.

ನನ್ನನ್ನು ಹೆಚ್ಚು ಕಾಡಿರುವುದು ‘ಸೀಲ್’. ಕ್ಲರ್ಕ್ ಕಚೇರಿಯ ಸೀಲ್ ಬಿದ್ದ ಪ್ರತಿ ಎಂದರೆ ಮೊಹರು ಹಾಕಿದ ಪ್ರತಿ, ಎಲ್ಲಿ ಬೇಕಾದರೂ ತೋರಿಸಲು ಯೋಗ್ಯವಾದದ್ದು. ‘ಸೀಲ್ಡ್ ರೆಕಾರ್ಡ್’ ಎಂದರೆ ಅದಕ್ಕೆ ತದ್ವಿರುದ್ಧ: ಯಾರಿಗೂ ತೋರಿಸಕೂಡದು ಎಂದು ನ್ಯಾಯಾಧೀಶರು ಆದೇಶ ಮಾಡಿದ ದಾಖಲೆ. ಎರಡಕ್ಕೂ ‘ಮೊಹರಾದ ದಾಖಲೆ’ ಎಂದು ಬರೆದ ಒಂದು ಅನುವಾದವನ್ನು ನಾನು ನೋಡಿದ್ದೇನೆ, ಓದುಗ ತಲೆ ಕೆರೆದುಕೊಳ್ಳಬೇಕು ಅಷ್ಟೆ. ಪತ್ರಿಕೆಯವರು ‘ಮುಚ್ಚಿದ ಲಕೋಟೆ’ ಎನ್ನುತ್ತಾರಲ್ಲ, ಆ ಜಾಡಿನಲ್ಲಿ ‘ಮುಚ್ಚಿದ ಕಡತ’ ಎನ್ನಬಹುದೇ? ಅದರಲ್ಲೂ ತೊಂದರೆಯಿದೆ: ಪ್ರಕರಣ ಮುಗಿದು ಕಡತ ಮುಕ್ತಾಯಗೊಂಡರೂ ‘ಕಡತ ಮುಚ್ಚಲಾಗಿದೆ’ ಎಂದೇ ನಮ್ಮ ಕಚೇರಿಗಳಲ್ಲಿ ಬರೆಯುತ್ತಾರೆ. ‘ಗೌಪ್ಯ’ ಎಂಬುದೂ ಇಲ್ಲಿ ಸಲ್ಲದು, ಏಕೆಂದರೆ ಕ್ಯಾಲಿಫೋರ್ನಿಯಾದ ನಿಯಮಗಳಲ್ಲಿ ಅದು ಬೇರೆ ವರ್ಗ. ಕಾನೂನೇ ಗುಟ್ಟಾಗಿಡು ಎಂದು ಹೇಳಿದ ದಾಖಲೆ ಗೌಪ್ಯ. ನ್ಯಾಯಾಧೀಶರು ಆ ಪ್ರಕರಣಕ್ಕೆಂದೇ ಕಾರಣ ಬರೆದು ತಡೆದದ್ದು ಸೀಲ್ಡ್. ಇವೆರಡರ ಆಚೆ ಮೂರನೆಯದೂ ಇದೆ. ವಿಚ್ಛೇದನದಂತಹ ಕೌಟುಂಬಿಕ ಪ್ರಕರಣಗಳ ಕಾಗದಗಳನ್ನು, ನಿಯಮ 2.503ರ ಪ್ರಕಾರ, ಮನೆಯಲ್ಲಿ ಕುಳಿತು ಅಂತರ್ಜಾಲದಲ್ಲಿ ಸಾರ್ವಜನಿಕರು ನೋಡುವಂತಿಲ್ಲ. ಅದೇ ಕಾಗದ ನ್ಯಾಯಾಲಯದ ಕಟ್ಟಡಕ್ಕೆ ಹೋದರೆ ಸಾರ್ವಜನಿಕ. ‘ಜಾಲದಲ್ಲಿ ಕಾಣಲಿಲ್ಲ, ಹಾಗಾದರೆ ಗೌಪ್ಯವಿರಬೇಕು’ ಎಂದು ಜನ ಕೈಬಿಡುವುದು ಇಲ್ಲಿಯೇ. ಮೂರಕ್ಕೂ ಮೂರು ಪದ ಬೇಕು. ನನ್ನ ಕರಡಿನಲ್ಲಿ ಸದ್ಯ ಇರುವುದು: ‘ಗೌಪ್ಯ’, ‘ಆದೇಶದಿಂದ ತಡೆಹಿಡಿದ’, ‘ಸ್ಥಳದಲ್ಲೇ ನೋಡಬಹುದಾದ’. ಮಧ್ಯದ್ದು ಉದ್ದವಾಯಿತು. ಚುಟುಕಾದದ್ದು ಹೊಳೆದರೆ ತಿಳಿಸಿ.

‘ಡಾಕೆಟ್’ಗೆ ಬರೋಣ. ಕ್ಯಾಲಿಫೋರ್ನಿಯಾದಲ್ಲಿ ಅದರ ಅಧಿಕೃತ ಹೆಸರು ‘ರಿಜಿಸ್ಟರ್ ಆಫ್ ಆ್ಯಕ್ಷನ್ಸ್’. ಯಾವ ದಿನ ಯಾವ ಕಾಗದ ಸಲ್ಲಿಕೆಯಾಯಿತು, ಯಾವ ವಿಚಾರಣೆ ನಡೆಯಿತು ಎಂದು ಸಾಲುಸಾಲಾಗಿ ಬರೆದ ಪಟ್ಟಿ ಅದು. ನಕಲು ಕೇಳುವ ಮುನ್ನ ಇದನ್ನು ನೋಡಲೇಬೇಕು. ‘ಪೂರ್ತಿ ಕಡತ ಕೊಡಿ’ ಎಂದರೆ ಪುಟಕ್ಕೆ 50 ಸೆಂಟ್‌ನಂತೆ ಬಿಲ್ಲು ಬೆಳೆಯುತ್ತದೆ. ಪಟ್ಟಿ ನೋಡಿ ‘ಇಂಥ ದಿನಾಂಕದ ತೀರ್ಪು’ ಎಂದು ಬೆರಳಿಟ್ಟು ಕೇಳಿದರೆ ನಾಲ್ಕು ಪುಟದಲ್ಲಿ ಕೆಲಸ ಮುಗಿದೀತು. ನಮ್ಮಲ್ಲಿ ವಕೀಲರು ‘ಆರ್ಡರ್ ಶೀಟ್’ ಎನ್ನುವುದು ಇದಕ್ಕೆ ನೆಂಟ, ಆದರೆ ಒಂದೇ ಅಲ್ಲ: ಆರ್ಡರ್ ಶೀಟಿನಲ್ಲಿ ನ್ಯಾಯಾಧೀಶರ ಆದೇಶವೇ ಇರುತ್ತದೆ, ಅಲ್ಲಿನ ಪಟ್ಟಿಯಲ್ಲಿ ಆದೇಶವಾಯಿತು ಎಂಬ ನಮೂದು ಮಾತ್ರ. ನನಗೆ ‘ನಡವಳಿ ಪಟ್ಟಿ’ ಹಿಡಿಸಿದೆ. ಸರ್ಕಾರಿ ಆದೇಶಗಳೆಲ್ಲ ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂದೇ ಆರಂಭವಾಗುವುದರಿಂದ ಪದ ಹೊಸದೇನಲ್ಲ. ನಡತೆ ಎಂಬ ಅರ್ಥವೂ ಅದಕ್ಕಿದೆ ಎಂದು ತಕರಾರು ಬರಬಹುದು; ಪಕ್ಕದಲ್ಲಿ ‘ಪಟ್ಟಿ’ ಇರುವಾಗ ಯಾರೂ ಹಾಗೆ ಓದಲಾರರು.

‘ಸರ್ಟಿಫೈಡ್ ಕಾಪಿ’ಗೆ ‘ದೃಢೀಕೃತ ನಕಲು’ ಸಾಕು ಎನ್ನಿಸುತ್ತದೆ. ‘ನಕಲು’ ಮತ್ತು ‘ನಕಲಿ’ ನಡುವೆ ಒಂದೇ ಸ್ವರದ ಅಂತರ, ಅಚ್ಚಿನ ದೋಷವಾದರೆ ದೃಢೀಕೃತ ನಕಲಿ ಆಗಿಬಿಡುತ್ತದೆ ಎಂದು ಸ್ನೇಹಿತರೊಬ್ಬರು ‘ಪ್ರತಿ’ಯ ಪರ ವಾದಿಸಿದರು. ಆದರೆ ಪ್ರತಿವಾದಿ, ಪ್ರತಿದಾವೆ, ತೀರ್ಪಿನ ಪ್ರತಿ ಎಂದು ಒಂದೇ ಪುಟದಲ್ಲಿ ಪ್ರತಿಗಳ ಸಂತೆಯಾಗುತ್ತದೆ. ನಾನು ನಕಲಿನ ಕಡೆಗೇ ಇದ್ದೇನೆ.

ಹೆಸರು ಹಿಡಿದು ಹುಡುಕುವ ವಿಷಯದಲ್ಲಿ ನಿಮ್ಮಿಂದ ಪದಕ್ಕಿಂತ ಹೆಚ್ಚಾಗಿ ಪಟ್ಟಿಯೇ ಬೇಕಾಗಿದೆ. ಪ್ರಕರಣದ ಸಂಖ್ಯೆ ಗೊತ್ತಿಲ್ಲದಿದ್ದರೆ ವಾದಿ ಅಥವಾ ಪ್ರತಿವಾದಿಯ ಹೆಸರಿನ ಸೂಚಿಯಲ್ಲಿ ನೋಡಬೇಕು. ಜಾಲದಲ್ಲಿ ಸಿಗದೆ ಕ್ಲರ್ಕ್ ಕಚೇರಿಯವರೇ ಹುಡುಕಿದರೆ, ಹತ್ತು ನಿಮಿಷ ಮೀರಿದ ಹುಡುಕಾಟಕ್ಕೆ 15 ಡಾಲರ್ ಶುಲ್ಕ. ಸೂಚಿ ನಿಲ್ಲುವುದು ಕುಲನಾಮದ ಮೇಲೆ; ನಮ್ಮವರಲ್ಲಿ ಬಹಳ ಮಂದಿಗೆ ಅದು ಇಲ್ಲವೇ ಇಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಒಬ್ಬರು ತಂದೆಯ ಹೆಸರನ್ನು, ಇನ್ನೊಬ್ಬರು ಊರಿನ ಹೆಸರನ್ನು ಕೊನೆಗೆ ಇಟ್ಟಿರುತ್ತಾರೆ. ಆದ್ದರಿಂದ ಹಾಸನದ ಮಂಜುನಾಥ ಎಂಬಾತನ ಕಡತ ‘ಹಾಸನ’ದ ಅಡಿಯಲ್ಲಿ ಇರಬಹುದು, ತಂದೆ ರಾಮಯ್ಯನ ಅಡಿಯಲ್ಲಿ ಇರಬಹುದು. ಜೊತೆಗೆ ಇಂಗ್ಲಿಷ್ ಕಾಗುಣಿತದ ಕಾಟ. ಗೌಡ ಎಂಬುದನ್ನು ಹಳೆ ಮೈಸೂರಿನವರು ‘ಡಬ್ಲ್ಯು’ ಹಾಕಿ ಬರೆದರೆ ಧಾರವಾಡದ ಕಡೆಯವರು ‘ಯು’ ಹಾಕುತ್ತಾರೆ. ಲಕ್ಷ್ಮಿಗೆ ‘ಕೆ ಎಸ್ ಎಚ್’ ಒಂದು ದಾರಿ, ‘ಎಕ್ಸ್’ ಇನ್ನೊಂದು ದಾರಿ. ಮೂರ್ತಿ ಎಷ್ಟು ವೇಷದಲ್ಲಿ ಬರುತ್ತಾನೋ ಆ ದೇವರಿಗೇ ಗೊತ್ತು. ಇಂತಹ ಜೋಡಿಗಳ ಒಂದು ಪುಟವನ್ನು ಕೈಪಿಡಿಯ ಕೊನೆಗೆ ಸೇರಿಸುವ ಆಸೆ. ನಿಮ್ಮ ನಿಮ್ಮ ಪ್ರದೇಶದ ರೂಢಿಯನ್ನು ದಯವಿಟ್ಟು ಕಳುಹಿಸಿ. ಕರಾವಳಿಯವರು, ಬೀದರ್ ಕಲಬುರಗಿ ಕಡೆಯವರು ಬರೆದರೆ ವಿಶೇಷ ಉಪಕಾರ.

‘ಲಿಮಿಟೆಡ್ ಸಿವಿಲ್’, ‘ಅನ್‌ಲಿಮಿಟೆಡ್ ಸಿವಿಲ್’ ಎಂಬ ವಿಂಗಡಣೆಗೆ ‘ಮಿತ’, ‘ಅಮಿತ’ ಎಂದರೆ ಕಾವ್ಯವಾಗುತ್ತದೆ. ದಾವೆಯ ಮೊತ್ತ 35,000 ಡಾಲರ್ ಮೀರಿದೆಯೋ ಇಲ್ಲವೋ ಎಂಬುದಷ್ಟೇ ವ್ಯತ್ಯಾಸ (2024ರ ಜನವರಿಗೆ ಮೊದಲು ಈ ಗಡಿ 25,000 ಇತ್ತು). ‘ಸಣ್ಣ ಮೊತ್ತದ ದಾವೆ’, ‘ದೊಡ್ಡ ಮೊತ್ತದ ದಾವೆ’ ಎಂದು ಹಾಕಿದ್ದೇನೆ. ಅದಕ್ಕಿಂತಲೂ ಕೆಳಗೆ ‘ಸ್ಮಾಲ್ ಕ್ಲೇಮ್ಸ್’ ಇದೆ, ಅದನ್ನು ‘ಕಿರು ದಾವೆ’ ಎಂದಿದ್ದೇನೆ. ಇದರಲ್ಲಿ ಚರ್ಚೆಗೆ ಹೆಚ್ಚೇನೂ ಇಲ್ಲ.

ಕೊನೆಯ ಪ್ರಶ್ನೆ ‘ಎಕ್ಸೆಂಪ್ಲಿಫೈಡ್ ಕಾಪಿ’ಯದು. ಇದು ದೃಢೀಕೃತ ನಕಲಿಗಿಂತ ಒಂದು ಹೆಜ್ಜೆ ಮುಂದೆ: ನಕಲು ಸರಿಯಾಗಿದೆ ಎಂದು ಕ್ಲರ್ಕ್ ಬರೆಯುತ್ತಾರೆ, ಆ ಕ್ಲರ್ಕ್ ನಿಜವಾಗಿಯೂ ಕ್ಲರ್ಕ್ ಎಂದು ನ್ಯಾಯಾಧೀಶರು ಬರೆಯುತ್ತಾರೆ, ಆ ನ್ಯಾಯಾಧೀಶರು ನಿಜವಾಗಿಯೂ ನ್ಯಾಯಾಧೀಶರು ಎಂದು ಮತ್ತೆ ಕ್ಲರ್ಕ್ ಬರೆಯುತ್ತಾರೆ. ಒಂದು ರಾಜ್ಯದ ತೀರ್ಪನ್ನು ಇನ್ನೊಂದು ರಾಜ್ಯದಲ್ಲಿ ಜಾರಿಗೊಳಿಸುವಾಗ ಇದನ್ನು ಕೇಳುವುದುಂಟು. ‘ಮೂರು ದೃಢೀಕರಣದ ನಕಲು’ ಎಂದು ವಿವರಿಸಿ ಬಿಡಬಹುದು, ಆದರೆ ಹಳೆಯ ಮೈಸೂರು ಸಂಸ್ಥಾನದ ನ್ಯಾಯಾಲಯಗಳ ಬಳಕೆಯಲ್ಲೋ ಮುಂಬಯಿ ಕರ್ನಾಟಕದ ದಫ್ತರಗಳಲ್ಲೋ ಇಂತಹ ಸರಣಿ ದೃಢೀಕರಣಕ್ಕೆ ಒಂದು ಹೆಸರು ಇದ್ದಿರಬಹುದೇ? ನಿವೃತ್ತ ಶಿರಸ್ತೇದಾರರು, ಹಿರಿಯ ವಕೀಲರು ಈ ಬಳಗದಲ್ಲಿದ್ದಾರೆ. ನೀವು ಕಂಡ ಕಾಗದದಲ್ಲಿ ಇದ್ದ ಪದ ಯಾವುದೆಂದು, ಸಾಧ್ಯವಾದರೆ ಪೂರ್ತಿ ವಾಕ್ಯದೊಡನೆ, ಬರೆದು ತಿಳಿಸಬೇಕು.