ಸ್ಟೇಡಿಯಂಗೆ ಐದೇ ನಿಮಿಷ: 'ಮನೆಮಂದಿ' ಗ್ರೂಪ್

ಮಂಜು: ಫಾರ್ವರ್ಡ್ ಬಂದಿದೆ: "80,000 ಸೀಟಿನ ಕ್ರಿಕೆಟ್ ಸ್ಟೇಡಿಯಂಗೆ 5 ನಿಮಿಷ! ಮೆಟ್ರೋಗೆ 10 ನಿಮಿಷ! 30×40 ಸೈಟುಗಳು. ಭಾನುವಾರದೊಳಗೆ 25% ಕಟ್ಟಿದವರಿಗೆ ಹಳೇ ರೇಟು."

ಮಂಜು: ಸುಬ್ಬು ಮಾವ, ನೋಡಿ. ಹೌಸಿಂಗ್ ಬೋರ್ಡ್ ತನ್ನ ಸೂರ್ಯನಗರ ಬಡಾವಣೆ 4ನೇ ಹಂತದಲ್ಲಿ ಈ ಸ್ಟೇಡಿಯಂಗೆ ₹1,650 ಕೋಟಿ ಪ್ಲಾನ್ ಹಾಕಿದೆ. ಈಗ ಬಿಟ್ರೆ ಮತ್ತೆ ಸಿಗಲ್ಲ ಅನ್ನಿಸ್ತಿದೆ.

ಸುಬ್ಬು ಮಾವ: ಮೊದಲು ಮ್ಯಾಪ್ ತೆಗಿ. ಪೇಪರಲ್ಲಿ ಬೊಮ್ಮಸಂದ್ರ ಅಂತ ಬರುತ್ತೆ, ಆದ್ರೆ ಸೂರ್ಯನಗರ 4ನೇ ಹಂತ ಇರೋದು ಇಂಡ್ಲವಾಡಿ ಕಡೆ, ಆನೇಕಲ್ ಹತ್ರ. ಮೆಟ್ರೋ ಹಳದಿ ಲೈನ್ ಬೊಮ್ಮಸಂದ್ರಕ್ಕೇ ಮುಗೀತು. ಅಲ್ಲಿಂದ ಮುಂದೆ ಚಂದಾಪುರ ಸರ್ಕಲ್, ಆಮೇಲೆ ಆನೇಕಲ್ ರಸ್ತೆ. 10 ನಿಮಿಷದ ದಾರಿ ಅಲ್ಲವೇ ಅಲ್ಲ.

ರಘು ಭಾವ: ಜಾಹೀರಾತು ಉತ್ಪ್ರೇಕ್ಷೆ ಇರಬಹುದು ಮಾವ, ಯೋಜನೆ ಸುಳ್ಳಲ್ಲ. 100 ಎಕರೆ. ಕ್ರಿಕೆಟ್ ಒಂದೇ ಅಲ್ಲ, ಒಳಾಂಗಣ ಆಟ, ಈಜುಕೊಳ, ಹಾಸ್ಟೆಲ್, ಸ್ಟಾರ್ ಹೋಟೆಲ್, ಕನ್ವೆನ್ಷನ್ ಹಾಲ್ ಎಲ್ಲ ಇದೆ. 2025ರ ಜೂನ್ 4ರ ಕಾಲ್ತುಳಿತದಲ್ಲಿ 11 ಜನ ಹೋದ್ರು. ಚಿನ್ನಸ್ವಾಮಿ ಅಷ್ಟು ಜನಕ್ಕೆ ತಕ್ಕ ಜಾಗ ಅಲ್ಲ ಅಂತ ತನಿಖಾ ಆಯೋಗವೇ ಹೇಳ್ತು. ಬೆಂಗಳೂರಿಗೆ ಇನ್ನೊಂದು ಸ್ಟೇಡಿಯಂ ಬೇಕೇ ಬೇಕು.

ಗೀತಕ್ಕ: ಬೇಕು ಭಾವ, ಎರಡು ಮಾತಿಲ್ಲ. ಆದ್ರೆ ಊರಿಗೆ ಬೇಕು ಅನ್ನೋದು ಬೇರೆ, ಪಕ್ಕದ ಸೈಟಿಗೆ ಬೆಲೆ ಬರುತ್ತೆ ಅನ್ನೋದು ಬೇರೆ. ಐಪಿಎಲ್‌ನಲ್ಲಿ ಒಂದು ತಂಡಕ್ಕೆ ತವರಲ್ಲಿ ಸಿಗೋದು 7 ಲೀಗ್ ಪಂದ್ಯ. ಅಂತಾರಾಷ್ಟ್ರೀಯ ಪಂದ್ಯ ಸೇರಿಸಿದ್ರೂ ಸ್ಟೇಡಿಯಂ ತುಂಬೋ ದಿನ ವರ್ಷಕ್ಕೆ 15 ದಾಟೋದು ಕಷ್ಟ. ಉಳಿದ 350 ದಿನ ಅಲ್ಲಿನ ದರ್ಶಿನಿ, ಪಿಜಿ, ಬಾಡಿಗೆ ಮನೆ ನಡೆಯೋದು ದಿನಾ ಓಡಾಡೋ ಜನರಿಂದ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ ಕಾರ್ಖಾನೆಗಳು ಅಲ್ಲಿಗೆ ಬಾಡಿಗೆದಾರರನ್ನ ಕೊಡ್ತವೆ, ಸ್ಟೇಡಿಯಂ ಕೊಡಲ್ಲ.

ರಘು ಭಾವ: ಅಹಮದಾಬಾದ್‌ನ ಮೊಟೇರಾ ನೋಡಿ, ಹೇಗೆ ಬೆಳೀತು.

ಸುಬ್ಬು ಮಾವ: ಮೊಟೇರಾದಲ್ಲಿ ಸ್ಟೇಡಿಯಂ 1980ರ ದಶಕದಿಂದಲೂ ಇತ್ತು ರಘು. ಹಳೇದನ್ನ ಕೆಡವಿ ಅದೇ ಜಾಗದಲ್ಲಿ ಕಟ್ಟಿ 2020ರ ಫೆಬ್ರುವರಿಲಿ ತೆರೆದ್ರು, 2022ರಲ್ಲಿ ಮೆಟ್ರೋನೂ ಬಂತು. ಊರು ಆಗಲೇ ಅಲ್ಲಿತನಕ ಬಂದಿತ್ತು. ಇಂಡ್ಲವಾಡಿಗೆ ಹೋಲಿಸ್ಬೇಕಾದ್ದು ಪುಣೆ ಹೊರಗೆ ಕ್ರಿಕೆಟ್ ಸ್ಟೇಡಿಯಂ ಇರೋ ಗಹುಂಜೆನ. ಅಲ್ಲಿ ಮನೆ ಎದ್ದಿದ್ದು ಎಕ್ಸ್‌ಪ್ರೆಸ್‌ವೇ, ಹಿಂಜೆವಾಡಿ ಐಟಿ ನೆಚ್ಚಿಕೊಂಡು. 2016ರಲ್ಲಿ ಬರ ಬಂದಾಗ ಬಾಂಬೆ ಹೈಕೋರ್ಟ್ ಏಪ್ರಿಲ್ 30ರ ನಂತರದ ಐಪಿಎಲ್ ಪಂದ್ಯಗಳನ್ನ ಮಹಾರಾಷ್ಟ್ರದಿಂದಲೇ ಹೊರಗೆ ಕಳಿಸ್ತು. ಆನೇಕಲ್ ತಾಲೂಕಲ್ಲಿ ಬೋರ್‌ವೆಲ್ ಸ್ಥಿತಿ ಗೊತ್ತಲ್ಲ, ಬೇಸಿಗೆಲಿ ಟ್ಯಾಂಕರೇ ಗತಿ. ಸೈಟು ನೋಡೋಕೆ ಹೋದಾಗ ಸ್ಟೇಡಿಯಂ ಎಲ್ಲಿ ಅಂತ ಕೇಳೋಕೆ ಮುಂಚೆ ನೀರು ಎಲ್ಲಿಂದ ಅಂತ ಕೇಳು.

ಗೀತಕ್ಕ: ಟ್ರಾಫಿಕ್ ಲೆಕ್ಕನೂ ಹಾಕಿ. 80,000 ಜನರಲ್ಲಿ ಅರ್ಧ ಜನ ಬಸ್ಸಲ್ಲೇ ಬಂದ್ರೂ, ಬಸ್ಸಿಗೆ 60ರಂತೆ 660ಕ್ಕೂ ಹೆಚ್ಚು ಟ್ರಿಪ್. ಆಟ ಮುಗಿದ ಮೇಲೆ ಎಲ್ಲರೂ ಒಂದೇ ಸಲ ಹೊರಡ್ತಾರೆ, ಬಸ್ಸು ಎರಡನೇ ಟ್ರಿಪ್‌ಗೆ ವಾಪಸ್ ಬರೋಕೆ ಆಗಲ್ಲ, ಅಷ್ಟೂ ಬಸ್ಸು ಅಲ್ಲೇ ನಿಂತಿರ್ಬೇಕು. ಅಂದ್ರೆ ರಸ್ತೆ ಅಗಲ ಆಗ್ಲೇಬೇಕು. ಯಾರ ಸೈಟಿನ ಮುಂಭಾಗ ಹೋಗುತ್ತೆ? ಮಾಸ್ಟರ್ ಪ್ಲಾನಲ್ಲಿ ರಸ್ತೆ ಗುರುತು ನೋಡದೆ ಮೇನ್ ರೋಡ್ ಸೈಟಿಗೆ ಜಾಸ್ತಿ ದುಡ್ಡು ಕೊಡೋದು ದೊಡ್ಡ ತಪ್ಪು.

ಮಂಜು: ಆದ್ರೂ ಘೋಷಣೆ ಆದ್ಮೇಲೆ ರೇಟು ಏರಿದ್ದು ನಿಜ ತಾನೆ ಅಕ್ಕ?

ಗೀತಕ್ಕ: ಏರಿದ್ದು ಮಾರೋನಿಗೆ ಲಾಭ, ಈಗ ಕೊಳ್ಳೋನಿಗಲ್ಲ. ಅಮೆರಿಕದ ಡಲ್ಲಾಸ್‌ನಲ್ಲಿ ಫೇರ್ ಪಾರ್ಕ್ ಹತ್ರ ಫುಟ್‌ಬಾಲ್ ಸ್ಟೇಡಿಯಂ ಬರುತ್ತೆ ಅಂದಾಗ ಸುತ್ತಲ ಮನೆ ಬೆಲೆ ಏರ್ತು, ಕೈಬಿಟ್ಟಾಗ ಇಳೀತು. ಒಂದು ಇಟ್ಟಿಗೆನೂ ಇಡದೆ ಎರಡೂ ಆಯ್ತು.

ಸುಬ್ಬು ಮಾವ: ಮಂಜು, ಈ ಜಾಹೀರಾತಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನಂಬರೇ ಇಲ್ಲ, ಗಮನಿಸಿದ್ಯಾ? 500 ಚದರ ಮೀಟರ್ ದಾಟಿದ ಲೇಔಟ್‌ಗೆ ನೋಂದಣಿ ಕಡ್ಡಾಯ, ಅದಿಲ್ಲದೆ ಜಾಹೀರಾತೂ ಕೊಡೋ ಹಾಗಿಲ್ಲ. ನೋಂದಾಯಿತ ಕರಾರು ಪತ್ರ ಆಗೋ ತನಕ 10%ಗಿಂತ ಹೆಚ್ಚು ಮುಂಗಡ ತಗೊಳ್ಳೋ ಹಾಗಿಲ್ಲ. ಇವರು 25% ಕೇಳ್ತಿದ್ದಾರೆ. ನನಗೆ ಅಲ್ಲೇ ಮುಗೀತು.

ರಘು ಭಾವ: ಇದು ಸರಿ ಮಾವ. ರೇರಾ ಇಲ್ಲದಿದ್ರೆ ನಾನೂ ಬೇಡ ಅಂತೀನಿ. ಆದ್ರೆ ಏರಿಯಾನೇ ಬೇಡ ಅನ್ಬೇಡಿ. ಪಕ್ಕದ ಖಾಸಗಿ ಲೇಔಟ್ ಬದಲು ಹೌಸಿಂಗ್ ಬೋರ್ಡ್ ಹಂಚಿದ ಸೈಟನ್ನೇ ನೋಡ್ಲಿ. ರಸ್ತೆ, ಚರಂಡಿ ಮಂಡಳಿ ಜವಾಬ್ದಾರಿ.

ಸುಬ್ಬು ಮಾವ: ಅದು ಒಪ್ಪೋ ಮಾತು. ಹಂಚಿಕೆದಾರನ ಹತ್ರ ತಗೊಳ್ಳೋದಾದ್ರೆ ಅವನ ಹೆಸರಿಗೆ ಶುದ್ಧ ಕ್ರಯಪತ್ರ ಆಗಿರ್ಬೇಕು. ಬರೀ ಹಂಚಿಕೆ ಪತ್ರ ಇಟ್ಕೊಂಡು ಜಿಪಿಎ (ಅಧಿಕಾರ ಪತ್ರ) ಮಾಡ್ಕೊಡ್ತೀನಿ ಅಂದ್ರೆ ಎದ್ದು ಬಾ.

ಸುಬ್ಬು ಮಾವ: ಖಾಸಗಿ ಲೇಔಟೇ ಆದ್ರೆ ಸರ್ವೆ ನಂಬರ್ ಇಸ್ಕೋ. ಪಹಣಿ, ಮ್ಯುಟೇಷನ್, 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ), ಭೂಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರದ ಲೇಔಟ್ ಅನುಮೋದನೆ, ಅದರ ಜೊತೆ ನಿನ್ನ ಸೈಟು ಬಿಡುಗಡೆ ಆಗಿರೋ ಪತ್ರ. ಮೂಲದಲ್ಲಿ ಸರ್ಕಾರ ಮಂಜೂರು ಮಾಡಿದ ಜಮೀನಾ ಅಂತ ವಿಶೇಷವಾಗಿ ನೋಡು. ಪರಿಶಿಷ್ಟರಿಗೆ ಕೊಟ್ಟ ಜಮೀನು ಸರ್ಕಾರದ ಅನುಮತಿ ಇಲ್ಲದೆ ಕೈ ಬದಲಾಗಿದ್ರೆ ಇಂಥ ಜಮೀನಿನ ಪರಭಾರೆ ತಡೆಯೋ 1978ರ ಪಿಟಿಸಿಎಲ್ ಕಾಯ್ದೆಲಿ ವಾಪಸ್ ಹೋಗುತ್ತೆ. 2023ರ ತಿದ್ದುಪಡಿ ಇದಕ್ಕೆ ಕಾಲಮಿತಿ ಇಲ್ಲ ಅಂತಲೂ ಹೇಳಿದೆ.

ಗೀತಕ್ಕ: ಆ ಸರ್ವೆ ನಂಬರ್ ಭೂಸ್ವಾಧೀನದ ಅಧಿಸೂಚನೇಲಿ ಇದ್ಯಾ ಅಂತಲೂ. ಸ್ಟೇಡಿಯಂ ಸುತ್ತ ರಸ್ತೆ, ಪಾರ್ಕಿಂಗ್ ಅಂತ ಇನ್ನೂ ಜಮೀನು ಬೇಕಾಗಬಹುದು.

ಮಂಜು: ಏಜೆಂಟ್‌ಗೆ ಸರ್ವೆ ನಂಬರ್, ರೇರಾ ನಂಬರ್ ಎರಡೂ ಕೇಳಿದೆ. "ಸೈಟ್ ನೋಡೋಕೆ ಬನ್ನಿ, ಆಮೇಲೆ ಕೊಡ್ತೀವಿ" ಅಂತಿದ್ದಾರೆ.

ಸುಬ್ಬು ಮಾವ: ನಂಬರ್ ಕೈಗೆ ಬರೋ ತನಕ ಹೋಗ್ಬೇಡ. ಬಂದ ತಕ್ಷಣ ಇಲ್ಲೇ ಹಾಕು, ಪಹಣಿ ನಾನು ತೆಗೀತೀನಿ.