ಪದ ಬೇಕು, ತುರ್ತು: ಹೊಸಬರ ಹತ್ತಿರ ಓಡಿಹೋಗುವ ಮಗುವಿಗೆ ಏನನ್ನೋಣ?

ಸರಸ್ವತಿಪುರಂ, ಮೈಸೂರು:
ಸಂಜೆ ಐದಕ್ಕೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಅಪ್ಪ ಅಮ್ಮಂದಿರಿಗಾಗಿ ಒಂದು ಬೋರ್ಡು. ಒಂದು ಕಡೆ ಆಟಿಸಂ, ಇನ್ನೊಂದು ಕಡೆ ವಿಲಿಯಮ್ಸ್ ಸಿಂಡ್ರೋಮ್. ಏಳನೇ ಕ್ರೋಮೋಸೋಮಿನ ಒಂದು ಚೂರು ಬಿಟ್ಟುಹೋಗಿ ಬರುವಂಥದ್ದು ಅದು. ಆ ಮಕ್ಕಳು ಗುರುತಿಲ್ಲದವರ ಹತ್ತಿರವೂ ಹೋಗಿ ಮಾತಿಗಿಳಿಯುತ್ತವೆ. ಇಂಗ್ಲಿಷಿನಲ್ಲಿ ‘ಹೈಪರ್‌ಸೋಷಿಯಬಲ್’. ನಾನು ‘ಅತಿಸಾಮಾಜಿಕ’ ಅಂತ ಬರೆದೆ. ಮನೆಯವರು ಓದಿ, ‘ಇದೇನು, ನಾಟಕದ ಬೋರ್ಡಾ?’ ಅಂದರು.

ಜಯಲಕ್ಷ್ಮೀಪುರಂ:
ಮನೆಯವರು ಸರಿ. ಸಂಸ್ಕೃತದ ನಾಟಕಶಾಸ್ತ್ರದಲ್ಲಿ ‘ಸಾಮಾಜಿಕ’ ಅಂದರೆ ಕೂತು ನೋಡುವ ಪ್ರೇಕ್ಷಕ. ಎದ್ದು ಬಂದು ಮಾತಾಡಿಸುವವನಲ್ಲ. ‘ಬೆರೆ’ ಇರುವಾಗ ಎರವಲು ಯಾಕೆ? ‘ಮಿಗಿಬೆರಕೆ’ ಅನ್ನಿ. ಮುಗಿಯಿತು.

ಮಂಡ್ಯ:
ಸಾರ್, ಹಾಗೆ ಬರೆದರೆ ಬೋರ್ಡು ಉಳಿಯಲ್ಲ. ನಮ್ಮಲ್ಲಿ ‘ಬೆರಕೆ’ ಅಂದ್ರೆ ತುಪ್ಪಕ್ಕೆ ವನಸ್ಪತಿ ಸೇರಿಸಿದ್ದು. ಮಗುವಿಗೆ ಅಂದರೆ ಬೈಗುಳ.
ನನ್ನ ತಕರಾರು ‘ಅತಿ’ ಮೇಲೆ. ಯಾರ ಅಳತೆಗೆ ಅತಿ? 2007ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಜಪಾನು ಮತ್ತು ಅಮೆರಿಕದ ಅಪ್ಪ ಅಮ್ಮಂದಿರನ್ನೇ ಕೇಳಿದ್ದರು. ಎರಡೂ ಕಡೆ ವಿಲಿಯಮ್ಸ್ ಮಕ್ಕಳು ಓರಗೆಯವರಿಗಿಂತ ಹೆಚ್ಚು ಬೆರೆಯುವವರೇ. ಆದರೆ ಜಪಾನಿನ ಆ ಮಕ್ಕಳು ಅಮೆರಿಕದ ಸಾಮಾನ್ಯ ಮಕ್ಕಳ ಹತ್ತಿರ ಬಂದು ನಿಂತರು. ನಾವೋ, ಮೈಸೂರಲ್ಲಿ ಬಸ್ ಹತ್ತಿದರೆ ಶ್ರೀರಂಗಪಟ್ಟಣ ಬರೋ ಹೊತ್ತಿಗೆ ಪಕ್ಕದವರ ಊರು, ಮನೆ, ಮಗಳ ಮದುವೆ ಎಲ್ಲ ಕೇಳಿ ಮುಗಿಸಿರುತ್ತೇವೆ. ಅದೇ ಮೇಷ್ಟ್ರ ಮುಖ ದಿಟ್ಟಿಸಿ ನಿಂತರೆ ‘ಕೊಬ್ಬು’. ಆಟಿಸಂ ಕಡೆ ‘ಕಣ್ಣು ಕೊಟ್ಟು ನೋಡುವುದಿಲ್ಲ’ ಅಂತ ಅಷ್ಟೇ ಬರೆದರೆ ನಮ್ಮೂರಿನ ಅರ್ಧ ಶಾಲೆ ಅದರೊಳಗೆ ಬರುತ್ತೆ, ಅಲ್ವಾ?

ಜಯಲಕ್ಷ್ಮೀಪುರಂ:
ಬೈಗುಳ ಮಾಡಿಕೊಂಡದ್ದು ಜನರ ತಪ್ಪು, ಪದದ್ದಲ್ಲ. ಅಂದಹಾಗೆ ‘ಆಟಿಸಂ’ ಯಾಕೆ? ‘ತನ್ನೊಳತನ’ ಅನ್ನಬಹುದು.

ಕುವೆಂಪುನಗರ:
ಪತ್ರಿಕೆಯವರ ‘ಸ್ವಲೀನತೆ’ಯೇ ನನಗೆ ಹಿಡಿಸಲ್ಲ, ಈಗ ಇದೊಂದು. ಎರಡೂ ಗ್ರೀಕಿನ ‘ಆಟೋಸ್’, ಅಂದರೆ ‘ತಾನು’, ಅದರ ನೆರಳು. ಮನೋವೈದ್ಯ ಬ್ಲಾಯ್ಲರ್ ‘ಆಟಿಸಂ’ ಪದ ಕಟ್ಟಿದ್ದೇ ಸ್ಕಿಜೋಫ್ರೀನಿಯಾ ಅನ್ನೋ ಮನೋರೋಗದ ಒಂದು ಲಕ್ಷಣಕ್ಕೆ. 1943ರಲ್ಲಿ ಮಕ್ಕಳ ಮನೋವೈದ್ಯ ಕ್ಯಾನರ್ ಅದನ್ನು ಈ ಮಕ್ಕಳಿಗೆ ಅಂಟಿಸಿದರು. ನಮ್ಮಕ್ಕನ ಮಗ ಫ್ಯಾನ್ ನೋಡುತ್ತಾ ನಿಂತಿರುತ್ತಾನೆ. ರಾತ್ರಿ ಊಟಕ್ಕೆ ಕೂತಾಗ ನಾವು ಆಡಿದ್ದನ್ನೆಲ್ಲ ಒಪ್ಪಿಸುತ್ತಾನೆ. ಯಾವ ಒಳತನ? ಅಕ್ಕ ‘ಆಟಿಸಂ’ ಅಂತಾಳೆ. ಸಾಕು.

ಸರಸ್ವತಿಪುರಂ:
ಫ್ಲೆಕ್ಸ್‌ನವನು ಎರಡು ಸಲ ಫೋನ್ ಮಾಡಿದ. ‘ಅಂಜಿಕೆಯಿಲ್ಲದ ಮಗು’ ಅನ್ನೋಣ ಅಂತಿದ್ದೆ, ಬಿಟ್ಟೆ. ಹೊಸಬರಿಗೆ ಅಂಜದ ಇದೇ ಮಕ್ಕಳಲ್ಲಿ ಎಷ್ಟೋ ಮಂದಿ ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾರೆ. ‘ಹೊಸಬರ ಹತ್ತಿರವೂ ಸಲುಗೆ ಜಾಸ್ತಿ’ ಅಂತ ಕಳಿಸಿದ್ದೇನೆ.

ಜಯಲಕ್ಷ್ಮೀಪುರಂ:
‘ಜಾಸ್ತಿ’ ಕನ್ನಡವಲ್ಲ.